ಹಡಗೋ, ವಿಮಾನವೋ: ಸೋಂಕಿನ ಪ್ರಶ್ನೆಗೆ ಪ್ರತಿಕ್ರಿಯೆ

ರಾಯಚೂರಿನಿಂದ ಹೈದರಾಬಾದಿಗೆ ಹೋಗಿ ಗೋವೆಯ ವಿಮಾನ ಹಿಡಿಯುವುದೋ, ಮುಂಬಯಿಯಲ್ಲಿ ಕ್ರೂಸ್ ಹಡಗು ಹತ್ತುವುದೋ, ವಯಸ್ಸಾದ ತಂದೆತಾಯಿಗೆ ಯಾವುದರಲ್ಲಿ ಸೋಂಕಿನ ಭಯ ಕಡಿಮೆ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ ವಿಮಾನವೇ ವಾಸಿ. ಹಾರಾಟದಲ್ಲಿ ಒಳಗಿನ ಗಾಳಿ ಗಂಟೆಗೆ ಸುಮಾರು 20 ಬಾರಿ ಬದಲಾಗುತ್ತದೆ, ಮರುಬಳಕೆಯ ಗಾಳಿ ಅತಿಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಶೋಧಕದ ಮೂಲಕ ಹಾದುಬರುತ್ತದೆ. ಆದರೂ ಪಕ್ಕದ ಸೀಟಿನವರ ಕೆಮ್ಮನ್ನು ಯಾವ ಶೋಧಕವೂ ತಡೆಯದು. ಹಡಗಿನಲ್ಲಾದರೋ ಅದೇ ಜನರೊಡನೆ ದಿನಗಟ್ಟಲೆ ಊಟದ ಮನೆ, ಲಿಫ್ಟು, ಸಭಾಂಗಣಗಳನ್ನು ಹಂಚಿಕೊಳ್ಳಬೇಕು. 2020ರಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗಿನ 3,711 ಜನರಲ್ಲಿ 700ಕ್ಕೂ ಹೆಚ್ಚು ಮಂದಿಗೆ ಕೋವಿಡ್ ತಗುಲಿತ್ತು. ವಾಂತಿಭೇದಿ ತರುವ ನೊರೋವೈರಸ್, ಬಫೆಯ ಒಂದೇ ಸೌಟನ್ನು ನೂರು ಕೈಗಳು ಹಿಡಿಯುವಲ್ಲಿ ಸುಲಭವಾಗಿ ಹರಡುತ್ತದೆ (ಬಡಿಸುವವರೇ ಸೌಟು ಹಿಡಿಯುವ ನಮ್ಮ ಕಡೆಯ ಮದುವೆಯೂಟವೇ ಮೇಲು). ಈ ವೈರಸ್ಸಿಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ, ಸೋಪು ನೀರೇ ಬೇಕು. ಹಡಗೇ ಆಗಬೇಕೆಂದರೆ, ಹೊರಡುವ ಎರಡು ವಾರ ಮೊದಲೇ ವೈದ್ಯರನ್ನು ಕೇಳಿ ಇಬ್ಬರಿಗೂ ಫ್ಲೂ ಲಸಿಕೆ ಹಾಕಿಸಿಬಿಡಿ.