ಸಿಡಿಲಿಗೆ ಸುಟ್ಟ ಸ್ವಿಚ್ಚು ಬದಲಾಯಿಸಿದ ಮೇಲೆ ಉತ್ತರವೇ ಬರುತ್ತಿಲ್ಲ

ಪ್ರಶ್ನೆ: ಮಾನ್ಯರೇ, ನಾನು ಬದಿಯಡ್ಕ ಸಮೀಪದ ಸಹಕಾರಿ ಸಂಘವೊಂದರಲ್ಲಿ ಕಂಪ್ಯೂಟರುಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದೇನೆ. ಮುಳ್ಳೇರಿಯ ಶಾಖೆಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿನ ಸ್ಥಿತಿಯನ್ನು ಇಲ್ಲಿಂದಲೇ ತಿಳಿಯಲು ಜಾಲದ ಸಾಧನಗಳನ್ನು ದೂರದಿಂದ ವಿಚಾರಿಸುವ ನಿಯಮಾವಳಿಯಾದ ಎಸ್‌ಎನ್‌ಎಂಪಿಯ ಮೂರನೆಯ ಆವೃತ್ತಿಯನ್ನು ಅಳವಡಿಸಿದ್ದೆ. ತುಲಾ ತಿಂಗಳ ಸಿಡಿಲಿಗೆ ಆ ಸ್ವಿಚ್ಚು ಸುಟ್ಟುಹೋಯಿತು. ಅದೇ ಮಾದರಿಯ ಹೊಸದನ್ನು ತಂದು, ಹಳೆಯದರಿಂದ ಮೊದಲೇ ತೆಗೆದಿಟ್ಟಿದ್ದ ಕಾನ್ಫಿಗರೇಶನ್ ಪ್ರತಿಯನ್ನು ಅದಕ್ಕೆ ಹಾಕಿದೆವು. ಶಾಖೆಯ ಕೆಲಸ ಸರಿಯಾಗಿ ನಡೆಯುತ್ತಿದೆ, ಆದರೆ ನಿಗಾ ತಂತ್ರಾಂಶಕ್ಕೆ ಮಾತ್ರ ಉತ್ತರ ಬರುತ್ತಿಲ್ಲ. ಎರಡನೆಯ ಆವೃತ್ತಿಯಲ್ಲಿ ‘ಪಬ್ಲಿಕ್’ ಎಂದು ಕೊಟ್ಟರೆ ಕೂಡಲೇ ಬರುತ್ತದೆ. ಹಾಗೆಯೇ ಇರಲಿ ಎನ್ನುತ್ತಾರೆ ಕಾರ್ಯದರ್ಶಿಯವರು. ಏನು ಮಾಡಲಿ?

ಉತ್ತರ: ತಮ್ಮ ಪಾಸ್‌ವರ್ಡಿನಲ್ಲಿ ತಪ್ಪಿರುವ ಸಂಭವ ಕಡಿಮೆ. ಮೂರನೆಯ ಆವೃತ್ತಿಯಲ್ಲಿ ಪ್ರತಿಯೊಂದು ಸಾಧನಕ್ಕೂ ಎಂಜಿನ್ ಐಡಿ ಎಂಬ ಪ್ರತ್ಯೇಕ ಗುರುತು ಇರುತ್ತದೆ. ಹೆಚ್ಚಿನ ಸ್ವಿಚ್ಚುಗಳಲ್ಲಿ ಅದು ಆ ಪೆಟ್ಟಿಗೆಯ ಮ್ಯಾಕ್ ವಿಳಾಸದಿಂದಲೇ (ತಯಾರಕರು ಕೊಟ್ಟ ಗುರುತು ಸಂಖ್ಯೆಯಿಂದಲೇ) ಹುಟ್ಟುತ್ತದೆ. ತಾವು ಕೊಟ್ಟ ಪಾಸ್‌ವರ್ಡನ್ನು ಸ್ವಿಚ್ಚು ಇದ್ದ ಹಾಗೆ ಇಟ್ಟುಕೊಳ್ಳದೆ, ಈ ಗುರುತಿನೊಡನೆ ಬೆರೆಸಿ ಒಂದು ಕೀಲಿಯನ್ನು ತಯಾರಿಸಿಕೊಳ್ಳುತ್ತದೆ. ಆದ್ದರಿಂದ ಹಳೆಯ ಪೆಟ್ಟಿಗೆಯ ಕೀಲಿ ಹೊಸ ಪೆಟ್ಟಿಗೆಗೆ ಒಗ್ಗುವುದಿಲ್ಲ. ಒಂದು ಸ್ವಿಚ್ಚಿನ ಕೀಲಿ ಕಳವಾದರೂ ಉಳಿದವು ಸುರಕ್ಷಿತವಾಗಿರಲಿ ಎಂದೇ ಹೀಗೆ ಮಾಡಿದ್ದಾರೆ, ಮತ್ತು ಅದು ಸರಿಯಾದ ಏರ್ಪಾಡೇ ಆಗಿದೆ. ಇದಲ್ಲದೆ ಕೆಲವು ಸ್ವಿಚ್ಚುಗಳಲ್ಲಿ ಈ ಪಾಸ್‌ವರ್ಡು ಸೇರಿರುವ ಎಸ್‌ಎನ್‌ಎಂಪಿ ಬಳಕೆದಾರನ ವಿವರ ಕಾನ್ಫಿಗರೇಶನ್ ಪ್ರತಿಯೊಳಗೆ ಬರುವುದೇ ಇಲ್ಲ.

ಹಾಗಾಗಿ ಹೊಸ ಸ್ವಿಚ್ಚಿನಲ್ಲಿ ಬಳಕೆದಾರನನ್ನು ಅಳಿಸಿ ಮತ್ತೆ ಸೃಷ್ಟಿಸಿರಿ. ದೃಢೀಕರಣ ಮತ್ತು ಗೂಢಲಿಪಿ ಎರಡೂ ಇರುವ ಮಟ್ಟವನ್ನೇ ಆರಿಸಿಕೊಳ್ಳಿ. ದೃಢೀಕರಣಕ್ಕೆ ಎಂಡಿ5 ಬೇಡ, ಎಸ್‌ಎಚ್‌ಎ ಇರಲಿ, ಗೂಢಲಿಪಿಗೆ ಡಿಇಎಸ್ ಬೇಡ, ಎಇಎಸ್ ಇರಲಿ. 2015ರಲ್ಲಿ ಈ ನಿಯಮಾವಳಿಗೆ ಎಸ್‌ಎಚ್‌ಎ-256 ಮೊದಲಾದವೂ ಸೇರಿವೆ. ಸ್ವಿಚ್ಚು ಮತ್ತು ತಂತ್ರಾಂಶ ಎರಡರಲ್ಲೂ ಅದು ಇದ್ದರೆ ಅದನ್ನೇ ಬಳಸಬೇಕು. ದೃಢೀಕರಣದ ಮತ್ತು ಗೂಢಲಿಪಿಯ ಪಾಸ್‌ವರ್ಡುಗಳು ಬೇರೆ ಬೇರೆಯಾಗಿರಲಿ; ಎಂಟು ಅಕ್ಷರ ಕನಿಷ್ಠ ಮಿತಿ, ಅದಕ್ಕಿಂತ ಸಾಕಷ್ಟು ಉದ್ದವಾಗಿದ್ದರೆ ಒಳ್ಳೆಯದು.

ಬಳಿಕ ನಿಗಾ ತಂತ್ರಾಂಶವನ್ನು ಒಮ್ಮೆ ನಿಲ್ಲಿಸಿ ಮತ್ತೆ ಆರಂಭಿಸಿರಿ. ಸ್ವಿಚ್ಚು ಎಷ್ಟು ಬಾರಿ ಮರುಚಾಲನೆಯಾಗಿದೆ, ಕೊನೆಯ ಚಾಲನೆಯ ಬಳಿಕ ಎಷ್ಟು ಸೆಕೆಂಡು ಕಳೆದಿದೆ ಎಂಬ ಲೆಕ್ಕವನ್ನು ತಂತ್ರಾಂಶವು ನೆನಪಿಟ್ಟುಕೊಂಡಿರುತ್ತದೆ. ಆ ಲೆಕ್ಕದಲ್ಲಿ 150 ಸೆಕೆಂಡಿಗಿಂತ ಹೆಚ್ಚು ಅಂತರ ಕಂಡರೆ ಸಂದೇಶವನ್ನು ತಿರಸ್ಕರಿಸಲಾಗುತ್ತದೆ. ಇದಕ್ಕೂ ಗೋಡೆ ಗಡಿಯಾರದ ಸಮಯಕ್ಕೂ ಸಂಬಂಧವಿಲ್ಲ. ಸ್ವಿಚ್ಚಿನ ಗಡಿಯಾರವನ್ನು ತಿದ್ದುತ್ತಾ ಅರ್ಧ ದಿನ ಕಳೆದವರನ್ನು ನಾನು ಬಲ್ಲೆ. ಪೋರ್ಟು (ಸ್ವಿಚ್ಚಿನಲ್ಲಿ ತಂತಿ ಸಿಕ್ಕಿಸುವ ಕಿಂಡಿ) ಸತ್ತ ಕೂಡಲೇ ಸ್ವಿಚ್ಚೇ ತಾನಾಗಿ ತಿಳಿಸುವ ಟ್ರ್ಯಾಪ್ ಸಂದೇಶಗಳನ್ನೂ ತಾವು ಪಡೆಯುತ್ತಿದ್ದರೆ, ಅವನ್ನು ಸ್ವೀಕರಿಸುವ ಕಂಪ್ಯೂಟರಿನಲ್ಲಿ ನಮೂದಿಸಿರುವ ಹಳೆಯ ಎಂಜಿನ್ ಐಡಿಯ ಜಾಗಕ್ಕೆ ಹೊಸದನ್ನು ಬರೆಯಬೇಕಾಗುತ್ತದೆ.

ಇನ್ನು ಕಾರ್ಯದರ್ಶಿಯವರ ಮಾತು. ಎರಡನೆಯ ಆವೃತ್ತಿಯಲ್ಲಿ ‘ಪಬ್ಲಿಕ್’ ಎಂಬ ಆ ಹೆಸರೇ ಪಾಸ್‌ವರ್ಡು, ಮತ್ತು ಬದಿಯಡ್ಕದಿಂದ ಮುಳ್ಳೇರಿಯಕ್ಕೆ ಹೋಗುವ ಪ್ರತಿಯೊಂದು ಪ್ರಶ್ನೆಯೊಳಗೂ ಅದು ಯಾವ ಮರೆಯೂ ಇಲ್ಲದೆ ಸಾಗುತ್ತದೆ. ಯಾವ ಪೋರ್ಟಿನಲ್ಲಿ ಯಾವ ಯಂತ್ರವಿದೆ ಎಂಬುದನ್ನು ಅದರಿಂದ ಯಾರೂ ಓದಬಹುದು. ಬರೆಯುವ ಅಧಿಕಾರವಿರುವ ‘ಪ್ರೈವೇಟ್’ ಕೂಡ ತೆರೆದಿದ್ದರೆ ಕ್ಯಾಶ್ ಕೌಂಟರಿನ ಪೋರ್ಟನ್ನೇ ದೂರದಿಂದ ಮುಚ್ಚಿಬಿಡಬಹುದು. ಸದಸ್ಯರ ಠೇವಣಿ ಇರುವ ಸಂಸ್ಥೆಯಲ್ಲಿ ಇದನ್ನು ಒಂದು ದಿನವೂ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊಸ ಬಳಕೆದಾರನಿಗೆ ಓದುವ ಅಧಿಕಾರವನ್ನು ಮಾತ್ರ ಕೊಡಿ, ಎಸ್‌ಎನ್‌ಎಂಪಿ ಪ್ರಶ್ನೆಗಳು ಸ್ವಿಚ್ಚಿಗೆ ಬರುವ ಬಾಗಿಲಾದ ಯುಡಿಪಿ 161ಕ್ಕೆ ತಮ್ಮ ನಿಗಾ ಕಂಪ್ಯೂಟರಿನ ವಿಳಾಸದಿಂದ ಮಾತ್ರ ಪ್ರವೇಶವಿರಲಿ. ಉತ್ತರ ಬರತೊಡಗಿದ ಕೂಡಲೇ ‘ಪಬ್ಲಿಕ್’ ಮತ್ತು ‘ಪ್ರೈವೇಟ್’ ಎರಡನ್ನೂ ಅಳಿಸಿ, ಅಳಿಸಿದ ಬಳಿಕ ಆ ನಿಗಾ ಕಂಪ್ಯೂಟರಿನಿಂದಲೇ ಎರಡನೆಯ ಆವೃತ್ತಿಯಲ್ಲಿ ಕೇಳಿನೋಡಿರಿ, ಉತ್ತರ ಬರಬಾರದು. ಪ್ರತಿ ಸ್ವಿಚ್ಚಿನ ಎಂಜಿನ್ ಐಡಿಯನ್ನೂ ಬಳಕೆದಾರನ ಪಾಸ್‌ವರ್ಡುಗಳನ್ನೂ ಬರೆದು, ಮುಚ್ಚಿದ ಲಕೋಟೆಯಲ್ಲಿ ಸಂಘದ ಲಾಕರಿನಲ್ಲಿಡಿ. ಮುಂದಿನ ಸಿಡಿಲಿಗೆ ಮತ್ತೊಂದು ಸ್ವಿಚ್ಚು ಹೋದರೆ ಮೊದಲು ಬೇಕಾಗುವುದು ಆ ಲಕೋಟೆಯೇ.