ಕರುವಿನ ಹುಳುಕಡ್ಡಿ ತಾನಾಗಿ ಹೋಯಿತು, ನನ್ನದು ಏಕೆ ಹೋಗುತ್ತಿಲ್ಲ?

ಕರುವಿನ ಕಣ್ಣಿನ ಸುತ್ತ ಎದ್ದ ಬೂದುಬಣ್ಣದ ಹಕ್ಕಳೆಗಳು ಮೂರು ತಿಂಗಳಲ್ಲಿ ಔಷಧವಿಲ್ಲದೆ ಉದುರಿದವು, ಅದರ ಮೈ ತೊಳೆಯುತ್ತಿದ್ದ ನಿಮ್ಮ ಸೊಂಟದ ಹುಳುಕಡ್ಡಿ ಮಾತ್ರ ವರ್ಷದಿಂದ ಅಂಗಡಿಯ ಮುಲಾಮು ಹಚ್ಚಿದರೂ ಮರುಕಳಿಸುತ್ತಿದೆ ಎಂದು ಬರೆದಿದ್ದೀರಿ. ನಾನು ಪಶುವೈದ್ಯ. ಮೊದಲು ಆ ಮುಲಾಮಿನ ಟ್ಯೂಬ್ ತೆಗೆದು ನೋಡಿ. ಅದರ ಮೇಲೆ ಕ್ಲೋಬೆಟಸಾಲ್ ಅಥವಾ ಬೀಟಾಮೆಥಾಸೋನ್ ಎಂದು ಇದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು, ಇವೆರಡೂ ಉರಿಯೂತ ಅಡಗಿಸುವ ಸ್ಟೀರಾಯ್ಡ್‌ಗಳು.

ದನಗಳಲ್ಲಿ ಈ ರೋಗ ತರುವುದು ಮುಖ್ಯವಾಗಿ ಟ್ರೈಕೋಫೈಟಾನ್ ವೆರುಕೋಸಮ್ ಎಂಬ ಶಿಲೀಂಧ್ರ. ಚರ್ಮದ ಸತ್ತ ಮೇಲ್ಪದರ ಮತ್ತು ಕೂದಲಿನಲ್ಲಿರುವ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನ್ ಅದರ ಆಹಾರ. ರಕ್ತ ಹರಿಯದ ಆ ಪದರಕ್ಕೆ ದೇಹದ ಕಾವಲು ಸುಲಭವಾಗಿ ತಲುಪುವುದಿಲ್ಲ. ಆದರೂ ಕೆಳಗಿನ ಜೀವಂತ ಕೋಶಗಳು ಶಿಲೀಂಧ್ರದ ಗೋಡೆಯಲ್ಲಿರುವ ಬೀಟಾ ಗ್ಲೂಕಾನ್ ಎಂಬ ಸಕ್ಕರೆಯ ಸರಪಳಿಯನ್ನು ಗುರುತು ಹಿಡಿಯುತ್ತವೆ. ಕೆಲವು ವಾರಗಳಲ್ಲಿ ರೋಗಾಣುವನ್ನು ಗುರುತಿಟ್ಟು ಹೋರಾಡುವ ಬಿಳಿ ರಕ್ತಕಣಗಳಾದ ಟಿ ಕೋಶಗಳು ಸಜ್ಜಾಗುತ್ತವೆ, ರೋಗಾಣುಗಳನ್ನು ನುಂಗುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ಬಂದು ಸೇರುತ್ತವೆ, ಚರ್ಮ ಬೇಗಬೇಗ ಪೊರೆ ಕಳಚಿ ಶಿಲೀಂಧ್ರವನ್ನು ಹೊರದೂಡುತ್ತದೆ. ರೋಗಾಣುವಿಗೆ ಅಂಟಿಕೊಳ್ಳುವ ರಕ್ತದ ಪ್ರೋಟೀನ್‌ಗಳಾದ ಪ್ರತಿಕಾಯಗಳೂ ಹುಟ್ಟುತ್ತವೆ, ಆದರೆ ಗುಣಪಡಿಸುವ ಕೆಲಸ ಟಿ ಕೋಶಗಳದ್ದು. ಒಮ್ಮೆ ಗುಣವಾದ ದನಕ್ಕೆ ಇದು ಮತ್ತೆ ಬರುವುದು ಅಪರೂಪ. ರೋಗವನ್ನು ನೆನಪಿಟ್ಟುಕೊಳ್ಳುವ ದೇಹದ ಈ ಬಲವನ್ನೇ ನಂಬಿ ಸೋವಿಯತ್ ವಿಜ್ಞಾನಿಗಳು ಜೀವಂತ ಶಿಲೀಂಧ್ರದ ಲಸಿಕೆ ತಯಾರಿಸಿದರು. ನಾರ್ವೆಯಲ್ಲಿ ಅದನ್ನು ವ್ಯಾಪಕವಾಗಿ ಹಾಕಿದ ಮೇಲೆ ರೋಗ ಬಹುಮಟ್ಟಿಗೆ ಹಿಂದೆ ಸರಿಯಿತು. ನನ್ನ ವೃತ್ತಿಯಲ್ಲಿ ನಾನು ತುಂಬಾ ಮೆಚ್ಚುವ ಕೆಲಸ ಅದು.

ಇನ್ನು ನಿಮ್ಮ ವಿಷಯ. ದನದ ಶಿಲೀಂಧ್ರ ಮನುಷ್ಯನಿಗೆ ಅಂಟಿದರೆ ಸಾಮಾನ್ಯವಾಗಿ ಜೋರಾಗಿ ಊದಿಕೊಳ್ಳುತ್ತದೆ, ಕೀವೂ ಕಟ್ಟಬಹುದು, ಆದರೆ ಆ ಆರ್ಭಟದಿಂದಲೇ ಬೇಗ ವಾಸಿಯಾಗುತ್ತದೆ. ಮನುಷ್ಯರ ಮೈಗೆ ಒಗ್ಗಿಕೊಂಡವು ಹಾಗಲ್ಲ. ಅಂಥ ಒಂದು ಶಿಲೀಂಧ್ರ ಟ್ರೈಕೋಫೈಟಾನ್ ರುಬ್ರಮ್, ಅದರ ಗೋಡೆಯಲ್ಲಿರುವ ಮ್ಯಾನನ್ ಎಂಬ ಸಕ್ಕರೆಯ ಸರಪಳಿ ಟಿ ಕೋಶಗಳನ್ನೇ ಮಂಕಾಗಿಸುತ್ತದೆ. 2020ರಲ್ಲಿ ಹೆಸರು ಪಡೆದ ಟ್ರೈಕೋಫೈಟಾನ್ ಇಂಡೋಟಿನಿಯೆ ಇಂದು ನಮ್ಮ ದೇಶದಲ್ಲಿ ಮನುಷ್ಯರಿಂದ ಮನುಷ್ಯರಿಗೆ ಹರಡುತ್ತಿದೆ, ಟರ್ಬಿನಫಿನ್ ಎಂಬ ಶಿಲೀಂಧ್ರನಾಶಕ ಔಷಧಕ್ಕೂ ಅನೇಕ ಬಾರಿ ಬಗ್ಗುವುದಿಲ್ಲ. ವರ್ಷವಿಡೀ ಕಾಡುತ್ತಿರುವುದರಿಂದ ನಿಮ್ಮದು ಕರುವಿನಿಂದ ಬಂದದ್ದೇ ಅಲ್ಲದಿರಬಹುದು.

ಸ್ಟೀರಾಯ್ಡ್ ಹಚ್ಚಿದೊಡನೆ ತುರಿಕೆ ನಿಲ್ಲುತ್ತದೆ, ಕೆಂಪು ಮಾಯವಾಗುತ್ತದೆ. ಆ ತುರಿಕೆ, ಆ ಕೆಂಪು ನಿಮ್ಮ ದೇಹದ ಹೋರಾಟದ ಗುರುತುಗಳು. ಹೋರಾಟವನ್ನು ಅಡಗಿಸಿದರೆ ಶಿಲೀಂಧ್ರ ನಿರಾತಂಕವಾಗಿ ಹಬ್ಬುತ್ತದೆ, ಉಂಗುರದ ಅಂಚು ಅಳಿಸಿಹೋಗಿ ವೈದ್ಯರಿಗೂ ಗುರುತು ಸಿಗುವುದು ಕಷ್ಟವಾಗುತ್ತದೆ. ಈ ರಕ್ಷಣೆ ಎಷ್ಟು ಮುಖ್ಯವೆಂಬುದಕ್ಕೆ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನವೇ ಸಾಕು. ಅಲ್ಜೀರಿಯ, ಟ್ಯುನೀಷಿಯ, ಮೊರಾಕೊ ಮೂಲದ 17 ರೋಗಿಗಳಲ್ಲಿ, ಶಿಲೀಂಧ್ರ ಬಂದ ಸುದ್ದಿಯನ್ನು ಕೋಶದೊಳಗೆ ಮುಟ್ಟಿಸುವ ಕಾರ್ಡ್9 ಎಂಬ ಪ್ರೋಟೀನ್ ಹುಟ್ಟಿನಿಂದಲೇ ಕೆಟ್ಟಿತ್ತು. ಚರ್ಮದ ಮೇಲೆಯೇ ಉಳಿಯಬೇಕಾದ ಸೋಂಕು ಅವರಲ್ಲಿ ಒಳಕ್ಕೆ ಇಳಿದಿತ್ತು. ಕೆಲವರು ಅದರಿಂದಲೇ ತೀರಿಕೊಂಡರು. ನಿಮಗೆ ಹಾಗಾಗುತ್ತದೆಂದು ಹೆದರಬೇಡಿ, ನಿಮ್ಮ ಕಾವಲು ಸರಿಯಾಗಿಯೇ ಇರಬಹುದು. ಅದನ್ನು ಮುಲಾಮಿನಿಂದ ಕಟ್ಟಿಹಾಕಬೇಡಿ, ಅಷ್ಟೇ.

ಚರ್ಮವೈದ್ಯರ ಬಳಿಗೆ ಹೋಗುವಾಗ ಆ ಟ್ಯೂಬನ್ನೂ ಕೊಂಡೊಯ್ಯಿರಿ. ಚರ್ಮದ ಹೊಟ್ಟು ಕೆರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಲು ಕೇಳಿ. ಸ್ಟೀರಾಯ್ಡ್ ಬಿಟ್ಟ ಆರಂಭದಲ್ಲಿ ತುರಿಕೆ ಹೆಚ್ಚಾಗಬಹುದು, ಮತ್ತೆ ಅದೇ ಮುಲಾಮಿಗೆ ಕೈಹಾಕಬೇಡಿ. ಮನೆಯಲ್ಲಿ ಬೇರೆಯವರಿಗೂ ತುರಿಕೆಯಿದ್ದರೆ ಎಲ್ಲರಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು. ಕೊಟ್ಟಿಗೆಯ ಮರದ ಕಂಬಗಳನ್ನೂ ಉಜ್ಜಿ ತೊಳೆಯಿರಿ, ಅಲ್ಲಿ ಉಳಿದ ಬೀಜಕಣಗಳು ವರ್ಷಗಟ್ಟಲೆ ಬದುಕುತ್ತವೆ, ಮುಂದಿನ ಕರುವಿಗೆ ಅಂಟುವುದು ಅವೇ.