ಗೆಲಿಲಿಯೋ ಇಳಿಜಾರಿನಲ್ಲಿ 9.8 ಎಲ್ಲಿ ಹೋಯಿತು?

ಪ್ರಶ್ನೆ: ವಿಜ್ಞಾನ ಮೇಳಕ್ಕೆಂದು ಮಕ್ಕಳು ಗೆಲಿಲಿಯೋನ ಇಳಿಜಾರು ಪ್ರಯೋಗ ಮಾಡಿದರು. 2 ಮೀಟರ್ ಉದ್ದದ ಸಿಲ್ವರ್ ಓಕ್ ಹಲಗೆ, ಅದರಲ್ಲಿ 12 ಮಿ.ಮೀ. ಅಗಲದ ಕಾಲುವೆ, 20 ಮಿ.ಮೀ. ವ್ಯಾಸದ ಬೇರಿಂಗ್ ಗುಂಡು. ಒಂದು ತುದಿ 10 ಸೆಂ.ಮೀ. ಎತ್ತರ. ಗುಂಡು ಇಳಿಯಲು 3.6 ಸೆಕೆಂಡು ಬೇಕಾಯಿತು. ಲೆಕ್ಕ ಹಾಕಿದರೆ ಗುರುತ್ವ ವೇಗೋತ್ಕರ್ಷ (ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಮೀ./ಸೆ. ಹೆಚ್ಚುತ್ತದೆ ಎಂಬುದು) 9.8ರ ಬದಲು 6.2 ಬರುತ್ತದೆ! ಘರ್ಷಣೆಯೇ ಕಾರಣವೇ?
– ಶಿಕ್ಷಕರು, ಮೂಡಿಗೆರೆ

ಉತ್ತರ: ಘರ್ಷಣೆಯನ್ನು ಸುಮ್ಮನೆ ದೂರಬೇಡಿ. ಅದಿಲ್ಲದಿದ್ದರೆ ಗುಂಡು ಉರುಳುತ್ತಲೇ ಇರಲಿಲ್ಲ, ಜಾರುತ್ತಿತ್ತು. ಆಗ ನಿಮಗೆ 9.8 ಸಿಗುತ್ತಿತ್ತು. ಉರುಳುವ ಗುಂಡು ಮುಂದೆ ಹೋಗುವುದರ ಜೊತೆಗೆ ತಿರುಗಲೂ ಬೇಕಲ್ಲ? ಸಪಾಟು ಹಲಗೆಯ ಮೇಲೆ 9.8ರ ಏಳನೇ ಐದು ಭಾಗ, ಅಂದರೆ 7 ಮಾತ್ರ ಉಳಿಯುತ್ತದೆ. ನಿಮ್ಮದು ಕಾಲುವೆ. ಗುಂಡು ಅದರ ಎರಡು ಅಂಚುಗಳ ಮೇಲೆ ಕೂರುತ್ತದೆ, ಅಂಚಿನ ಮಟ್ಟದಿಂದ ಗುಂಡಿನ ಕೇಂದ್ರಕ್ಕೆ 10 ಅಲ್ಲ, 8 ಮಿ.ಮೀ. ಹಾಗಾಗಿ ಇನ್ನೂ ಜೋರಾಗಿ ತಿರುಗಬೇಕು. ತಿರುಗುವಿಕೆಯ ಲೆಕ್ಕ ಸೇರಿಸಿದರೆ 1 + 2/5 × (10/8)² = 1.625. 9.8 ಅನ್ನು ಅದರಿಂದ ಭಾಗಿಸಿ: 6.03. ಸಮಯ 3.64 ಸೆಕೆಂಡು ಬರಬೇಕಿತ್ತು, 0.04 ಸೆಕೆಂಡಿನ ವ್ಯತ್ಯಾಸ ಸ್ಟಾಪ್‌ವಾಚ್ ಒತ್ತಿದ ಬೆರಳಿನದು. ಮಕ್ಕಳ ಕೆಲಸ ಅಚ್ಚುಕಟ್ಟಾಗಿದೆ.

1638ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಗೆಲಿಲಿಯೋ ಈ ಪ್ರಯೋಗದಿಂದ ಗುರುತ್ವದ ಬೆಲೆ ತೆಗೆದಿಲ್ಲ. ಕಾಲು ಭಾಗ ದೂರಕ್ಕೆ ಅರ್ಧ ಸಮಯ ಎಂಬ ಅನುಪಾತವಷ್ಟೇ ಅವನಿಗೆ ಬೇಕಿತ್ತು. ತಿರುಗುವಿಕೆ ಅದನ್ನು ಕೆಡಿಸುವುದಿಲ್ಲ. ನೀವೂ 50 ಸೆಂ.ಮೀ. ಗುರುತಿನಲ್ಲಿ ನೋಡಿ, 1.82 ಬರಬೇಕು. ಬರದಿದ್ದರೆ ಹಲಗೆಯ ಮೇಲೆ ದಾರ ಎಳೆದು ಕಟ್ಟಿ. ಸರಿಯಾಗಿ ಒಣಗದ ಸಿಲ್ವರ್ ಓಕ್ ನಿಮ್ಮ ಕಡೆಯ ಮಳೆಗಾಲದಲ್ಲಿ ಬಾಗಿದರೆ ಆಶ್ಚರ್ಯವಿಲ್ಲ. ನಡುವೆ 5 ಮಿ.ಮೀ. ತಗ್ಗಿದರೂ ಮೊದಲರ್ಧ 55, ಉಳಿದರ್ಧ 45 ಮಿ.ಮೀ. ಇಳಿಯುತ್ತದೆ, ಅನುಪಾತ ಹಾಳು. ಕಾಲುವೆ 2 ಮಿ.ಮೀ.ಗಿಂತ ಆಳವಿರಲಿ, ಇಲ್ಲದಿದ್ದರೆ ಗುಂಡು ತಳಕ್ಕೆ ತಾಗುತ್ತದೆ.

ಪ್ರಶ್ನೆ: ಸ್ಟಾಪ್‌ವಾಚ್ ಇಲ್ಲದೆ ಗೆಲಿಲಿಯೋ ಸಮಯ ಅಳೆದದ್ದು ಹೇಗೆ?
– ವಿದ್ಯಾರ್ಥಿನಿ, ಹಾಸನ

ಉತ್ತರ: ನೀರು ತೂಗಿ. ದೊಡ್ಡ ಪಾತ್ರೆಯ ತಳಕ್ಕೆ ಸಣ್ಣ ಕೊಳವೆ. ಗುಂಡು ಉರುಳುವಷ್ಟು ಹೊತ್ತು ಸುರಿದ ನೀರನ್ನು ಲೋಟದಲ್ಲಿ ಹಿಡಿದು ತೂಕ ಮಾಡುತ್ತಿದ್ದ. ಸೆಕೆಂಡಿಗೆ 20 ಗ್ರಾಂ ಸುರಿದರೆ ಮೇಲಿನ ಹಲಗೆಗೆ 73 ಗ್ರಾಂ, ಕಾಲು ದೂರಕ್ಕೆ 36. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಕಿರಿದಾದ ಬಾಟಲಿ ಬೇಡ, ನೀರಿನ ಮಟ್ಟ ಇಳಿದಂತೆ ಧಾರೆ ನಿಧಾನವಾಗುತ್ತದೆ. ಅಗಲ ಬಕೆಟ್ ಇಡಿ. ನಾಡಿಮಿಡಿತದ ಹತ್ತನೇ ಒಂದರಷ್ಟೂ ತಪ್ಪಲಿಲ್ಲ ಎಂದು ಅವನು ಬರೆದದ್ದನ್ನು ಅನುಮಾನಿಸಿದವರಿದ್ದರು. 1961ರಲ್ಲಿ ವಿಜ್ಞಾನ ಇತಿಹಾಸಕಾರ ಥಾಮಸ್ ಸೆಟ್ಲ್ ಇಂಥದೇ ಸಲಕರಣೆ ಜೋಡಿಸಿ ಅಷ್ಟು ನಿಖರತೆ ಸಾಧ್ಯವೆಂದು ತೋರಿಸಿದರು. ಕೊಳವೆಯ ಬಾಯಿಂದ ಬೆರಳು ತೆಗೆಯುವುದನ್ನು ಮಾತ್ರ ಹತ್ತಾರು ಸಲ ರೂಢಿ ಮಾಡಿಕೊಳ್ಳಿ.